ವರ್ಕ್‌ಶಾಪನ್ನು ಸ್ಟೀಮ್‌ಪಂಕ್ ಸಬ್‌ಮರೀನ್ ಮಾಡುವುದು ಹೇಗೆ?

ಮನೆಯ ವರ್ಕ್‌ಶಾಪಿಗೆ ಸ್ಟೀಮ್‌ಪಂಕ್ ಸಬ್‌ಮರೀನಿನ ರೂಪ ಕೊಡುವ ಬಗ್ಗೆ ಓದುಗರು ಪದೇ ಪದೇ ಕೇಳುತ್ತಿದ್ದಾರೆ. ಪ್ರಶ್ನೆಗಳು ಬೇರೆ ಬೇರೆ, ಆದರೆ ಚಿಂತೆ ಒಂದೇ. ಅಷ್ಟೊಂದು ಪೈಪು, ಚಕ್ರ, ಮೀಟರು ತುಂಬಿದ ಮೇಲೆ ಅಲ್ಲಿ ಕೆಲಸ ಮಾಡೋಕಾಗುತ್ತಾ? ಖಂಡಿತ ಆಗುತ್ತದೆ. ಅದಕ್ಕೆ ಒಂದು ನಿಯಮ ಮಾತ್ರ ಬಿಡಬೇಡಿ: ಗೋಡೆಗೆ ಹೋಗುವ ಪ್ರತಿ ವಸ್ತುವಿಗೂ ಒಂದು ಕೆಲಸ ಕೊಡಿ. ಧೂಳು ಎಳೆಯುವ ಪೈಪೇ ತಾಮ್ರದ ಪೈಪಾಗಿ ಕಾಣಲಿ, ಕಂಪ್ರೆಸರಿನ ಮೀಟರೇ ಹಿತ್ತಾಳೆ ಡಯಲ್ ಆಗಲಿ. ಕೆಲಸವೇ ಇಲ್ಲದ ಅಲಂಕಾರ ಎಷ್ಟು ಕಡಿಮೆಯೋ ಜಾಗ ಅಷ್ಟು ನಿಜ ಅನಿಸುತ್ತದೆ.

ಸ್ಟೀಮ್‌ಪಂಕ್ ಅಂದರೆ 19ನೇ ಶತಮಾನದ ಹಬೆ ಯಂತ್ರಗಳ ಕಾಲ ಮುಗಿಯದೆ ಮುಂದುವರಿದಿದ್ದರೆ ಯಂತ್ರಗಳು ಹೇಗಿರುತ್ತಿದ್ದವು ಅನ್ನುವ ಕಲ್ಪನೆ. ಹಿತ್ತಾಳೆ, ತಾಮ್ರ, ಎರಕದ ಕಬ್ಬಿಣ, ಮರ, ಚರ್ಮ, ರಿವೆಟ್ ಇವೇ ಅದರ ಸಾಮಗ್ರಿ. ಹಬೆಯಿಂದ ಓಡುವ ಸಬ್‌ಮರೀನ್ ಬರೀ ಕಲ್ಪನೆಯೇನಲ್ಲ. ಇಂಗ್ಲೆಂಡಿನ ಜಾರ್ಜ್ ಗ್ಯಾರೆಟ್ 1879ರಲ್ಲೇ ‘ರಿಸರ್ಗಾಮ್’ ಎಂಬ ಹಬೆಯ ಸಬ್‌ಮರೀನ್ ಕಟ್ಟಿಸಿದ್ದ. ಮೊದಲ ಮಹಾಯುದ್ಧ ಕಾಲದ ಬ್ರಿಟನ್ನಿನ ಕೆ-ದರ್ಜೆ ಸಬ್‌ಮರೀನ್‌ಗಳಿಗೆ ಹೊಗೆಕೊಳವೆಗಳಿದ್ದವು. ಮುಳುಗುವ ಮೊದಲು ಅವನ್ನು ಮಡಚಬೇಕಿತ್ತು. ಇಂದಿನ ಅಣುಶಕ್ತಿ ಸಬ್‌ಮರೀನ್‌ಗಳಲ್ಲೂ ಟರ್ಬೈನ್ ತಿರುಗಿಸುವುದು ಹಬೆಯೇ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ನಿಜವಾದ ಹಳೆಯ ಸಬ್‌ಮರೀನ್‌ಗಳ ಒಳಗಿನ ಫೋಟೋಗಳನ್ನು ಒಂದು ಸಂಜೆ ಕೂತು ನೋಡಿ. 1901ರಲ್ಲಿ ನೀರಿಗಿಳಿದ ‘ಹಾಲೆಂಡ್ 1’ ಇಂಗ್ಲೆಂಡಿನ ಗಾಸ್ಪೋರ್ಟ್‌ನ ಮ್ಯೂಸಿಯಂನಲ್ಲಿ ಇಂದಿಗೂ ಇದೆ. ಇಂಥ ಫೋಟೋಗಳಲ್ಲಿ ಮೂರು ಸಂಗತಿ ಗಮನಿಸಿ. ಪೈಪುಗಳು ಹಡಗಿನ ಉದ್ದಕ್ಕೆ ಜೊತೆಜೊತೆಯಾಗಿ ಹೋಗುತ್ತವೆ, ಜೊತೆಯಾಗಿಯೇ ಬಾಗುತ್ತವೆ. ವಾಲ್ವಿನ ಚಕ್ರಗಳು ಕೈಗೆ ಸಿಗುವಲ್ಲಿ ಇರುತ್ತವೆ. ಮೀಟರುಗಳು ಕಣ್ಣಿನ ಮಟ್ಟದಲ್ಲಿ ಗುಂಪಾಗಿರುತ್ತವೆ. ಇಷ್ಟು ತಿಳಿದರೆ ಅರ್ಧ ವಿನ್ಯಾಸ ಆದ ಹಾಗೆ.

ಬೇಕಾಗುವ ಸಾಮಾನು

3ರಿಂದ 6 ಮಿ.ಮೀ. ದಪ್ಪದ ಎಂಡಿಎಫ್ (ಮರದ ಪುಡಿಯನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ) ಅಥವಾ ಪ್ಲೈವುಡ್, 18 ಮಿ.ಮೀ.ನ ಒಂದೆರಡು ತುಂಡು, ಬೇರೆ ಬೇರೆ ಗಾತ್ರದ ಪಿವಿಸಿ ಪೈಪು, ಅದರ ಮೊಣಕೈ ಜೋಡಣೆಗಳು ಮತ್ತು ಕ್ಲಾಂಪುಗಳು. ರಿವೆಟ್‌ಗೆ ಗುಮ್ಮಟದ ತಲೆಯ ಸೋಫಾ ಮೊಳೆಗಳು ಅಥವಾ ಅರ್ಧಗೋಳದ ಮರದ ಗುಂಡಿಗಳು. ಪ್ಲಾಸ್ಟಿಕ್‌ಗೆ ಹಿಡಿಯುವ ಪ್ರೈಮರ್, ಲೋಹದ ಹೊಳಪಿನ ಬಣ್ಣಗಳು, ಕಂದು ಮತ್ತು ಕಪ್ಪು ಅಕ್ರಿಲಿಕ್ ಬಣ್ಣ, ಮಿಂಚಿಲ್ಲದ ವಾರ್ನಿಷ್. 3 ಮಿ.ಮೀ. ಅಕ್ರಿಲಿಕ್ ಹಾಳೆ, 12 ವೋಲ್ಟ್‌ನ ಎಲ್‌ಇಡಿ ಪಟ್ಟಿ, ಅದಕ್ಕೆ ತಕ್ಕ ಅಡಾಪ್ಟರ್. ಎಂಡಿಎಫ್ ಕೊಯ್ಯುವಾಗ ಬರುವ ಧೂಳು ತುಂಬಾ ನುಣುಪು, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಧೂಳು ಸೋಸುವ ರೆಸ್ಪಿರೇಟರೇ ಬೇಕು.

ಥರ್ಮೋಕೋಲ್ ಮತ್ತು ಫೋಮ್ ಹಾಳೆಗಳು ಹಗುರ, ಕೊಯ್ಯಲು ಸುಲಭ. ಆದರೆ ನೀವು ಗ್ರೈಂಡರ್ ಅಥವಾ ವೆಲ್ಡಿಂಗ್ ಬಳಸುವವರಾದರೆ ಅವನ್ನು ಒಳಗೇ ತರಬೇಡಿ. ಒಂದು ಕಿಡಿ ಸಾಕು.

ಹಂತ 1: ಮುಟ್ಟಬಾರದ ಜಾಗಗಳನ್ನು ಗುರುತಿಸಿ

ಬಣ್ಣದ ಟೇಪ್ ತಗೊಂಡು ಕೋಣೆ ಸುತ್ತಿ. ಕರೆಂಟಿನ ಬೋರ್ಡು ಮತ್ತು ಅದರ ಮುಂದಿನ ಸುಮಾರು 1 ಮೀಟರ್ ಜಾಗ, ಕಿಟಕಿಗಳು, ಎಕ್ಸಾಸ್ಟ್ ಫ್ಯಾನ್, ಬಾಗಿಲು ತೆರೆಯುವ ದಾರಿ, ಬೆಂಕಿ ನಂದಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಡಬ್ಬ. ಇವುಗಳ ಮೇಲೆ ಅಥವಾ ಮುಂದೆ ಏನೂ ಬರಬಾರದು. ಸಿಲಿಂಡರ್ ಕೆಂಪಾಗಿಯೇ ಇರಲಿ. ಅದಕ್ಕೆ ಹಿತ್ತಾಳೆ ಬಣ್ಣ ಬಳಿದರೆ ಚೆನ್ನಾಗಿ ಕಾಣಬಹುದು, ಆದರೆ ಹೊಗೆ ತುಂಬಿದಾಗ ಯಾರಿಗೂ ಸಿಗುವುದಿಲ್ಲ.

ಆಮೇಲೆ ನೀವು ಬಳಸುವ ಅತಿ ಉದ್ದದ ಹಲಗೆಯನ್ನು ಎತ್ತಿಕೊಂಡು ಕೋಣೆಯಲ್ಲಿ ಒಮ್ಮೆ ತಿರುಗಿ. ಅದು ಎಲ್ಲೆಲ್ಲಿ ತಾಗುತ್ತದೋ ಅಲ್ಲಿ ಉಬ್ಬಿದ ಅಲಂಕಾರ ಬೇಡ. ನನ್ನ ಲೆಕ್ಕದಲ್ಲಿ ಬೆಂಚಿನಿಂದ ಭುಜದವರೆಗಿನ ಜಾಗ ಉಪಕರಣಗಳದ್ದು, ಭುಜದಿಂದ ಮೇಲಿನದ್ದು ಸಬ್‌ಮರೀನಿನದ್ದು. ಈ ಗಡಿ ಒಂದಿದ್ದರೆ ಧೂಳು ಒರೆಸುವ ಕಷ್ಟವೂ ಅರ್ಧ ಇಳಿಯುತ್ತದೆ.

ಹಂತ 2: ಯಾವ ಕೋಣೆ ಅಂತ ನಿರ್ಧರಿಸಿ

ಸಬ್‌ಮರೀನ್ ಅಂದಕೂಡಲೇ ಕ್ಯಾಪ್ಟನ್ನಿನ ಕೋಣೆ ನೆನಪಿಗೆ ಬರುತ್ತದೆ. ಮಖಮಲ್ಲು, ಕಾರ್ಪೆಟ್, ಪುಸ್ತಕದ ಕಪಾಟು. ವರ್ಕ್‌ಶಾಪಿಗೆ ಅದು ಹೊಂದುವುದಿಲ್ಲ. ಬಟ್ಟೆ ಮರದ ಪುಡಿ ಹಿಡಿಯುತ್ತದೆ, ಕಿಡಿಯನ್ನೂ ಹಿಡಿಯುತ್ತದೆ. ಎಂಜಿನ್ ಕೋಣೆಯನ್ನು ಆರಿಸಿಕೊಳ್ಳಿ. ಅಲ್ಲಿ ಎಣ್ಣೆ ಕಲೆ, ಗೀರು, ತೂಗುಹಾಕಿದ ಸ್ಪಾನರ್ ಎಲ್ಲವೂ ಸಹಜ. ನಿಮ್ಮ ಲೇತ್ ಮತ್ತು ಡ್ರಿಲ್ ಕೂಡ ಆ ಹಡಗಿನ ಯಂತ್ರಗಳೇ ಆಗುತ್ತವೆ.

ಹಂತ 3: ಗೋಡೆ ಮುಚ್ಚುವ ಮೊದಲು ಬೆಳಕು

ಎಲ್ಲಾ ಮುಗಿದ ಮೇಲೆ ಬಲ್ಬ್ ಹಾಕಿಕೊಳ್ಳೋಣ ಅಂದುಕೊಳ್ಳುವವರೇ ಜಾಸ್ತಿ. ಆಗ ವೈರುಗಳು ಹೊರಗೆ ಜೋತಾಡುತ್ತವೆ. ಮೊದಲೇ ಎರಡು ಬೇರೆ ಬೇರೆ ಸ್ವಿಚ್ಚುಗಳ ವ್ಯವಸ್ಥೆ ಮಾಡಿ.

ಒಂದು, ಕೆಲಸದ ಬೆಳಕು. 4000ರಿಂದ 5000 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬೆಂಚಿನ ಮೇಲೆ ನೇರವಾಗಿ ಬೀಳಬೇಕು. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಡಬ್ಬದ ಮೇಲೆ ಸಿಆರ್‌ಐ 90ಕ್ಕಿಂತ ಜಾಸ್ತಿ ಅಂತ ಇದ್ದರೆ ಬಣ್ಣಗಳು ಸರಿಯಾಗಿ ಕಾಣುತ್ತವೆ. ಎರಡು, ವಾತಾವರಣದ ಬೆಳಕು. 2200 ಕೆಲ್ವಿನ್ ಸುತ್ತಮುತ್ತಲಿನ, ತಂತಿ ಕಾಣುವ ಎಲ್‌ಇಡಿ ಬಲ್ಬುಗಳನ್ನು ಜಾಲರಿಯ ಗೂಡಿನೊಳಗೆ ಹಾಕಿ. ಯಂತ್ರ ಓಡುವಾಗ ಮೊದಲನೆಯದು ಉರಿಯುತ್ತಿರಲೇಬೇಕು. ಬರೀ ಹಳದಿ ಬೆಳಕಿನಲ್ಲಿ ಗರಗಸ ಮುಟ್ಟಬೇಡಿ.

ಅಗ್ಗದ ಎಲ್‌ಇಡಿಗಳು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಮಿನುಗುತ್ತವೆ. ಮಿನುಗುವ ವೇಗ ಮತ್ತು ಚಕ್ರದ ವೇಗ ಕೂಡಿಬಂದರೆ ತಿರುಗುವ ಬ್ಲೇಡು ನಿಂತಂತೆ ಕಾಣುತ್ತದೆ. ಇದು ನಿಜಕ್ಕೂ ಅಪಾಯ. ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ಬಲ್ಬನ್ನು ನೋಡಿ. ಪಟಪಟ ಮಿನುಗಿದರೆ ಅದು ಬೆಂಚಿಗೆ ಬೇಡ.

ಕೆಂಪು ಬೆಳಕಿನ ಆಸೆ ಇದ್ದರೆ ಒಂದು ಚಿಕ್ಕ ಪಟ್ಟಿ ಹಾಕಿ. ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಂಪು ಬೆಳಕು ಅಷ್ಟಾಗಿ ಕೆಡಿಸುವುದಿಲ್ಲ. ಅದಕ್ಕೇ ರಾತ್ರಿ ಪೆರಿಸ್ಕೋಪ್ ನೋಡಬೇಕಾದವರಿಗಾಗಿ ಸಬ್‌ಮರೀನ್‌ಗಳಲ್ಲಿ ಅದನ್ನು ಬಳಸುತ್ತಿದ್ದರು.

230 ವೋಲ್ಟ್ ಇರಲಿ, 110 ಇರಲಿ, ಗೋಡೆಯ ಕರೆಂಟಿನ ಕೆಲಸ ಎಲೆಕ್ಟ್ರಿಶಿಯನ್‌ಗೆ ಬಿಡಿ. ಅಲಂಕಾರದ ಎಲ್ಲಾ ದೀಪಗಳು 12 ವೋಲ್ಟ್‌ನಲ್ಲೇ ಇರಲಿ.

ಹಂತ 4: ಗೋಡೆ ಮತ್ತು ಪಕ್ಕೆಲುಬು

ಸಬ್‌ಮರೀನಿನ ಒಳಗಿನ ನೋಟಕ್ಕೆ ಮುಖ್ಯ ಕಾರಣ ಅದರ ದುಂಡು ಆಕಾರ. ಇಡೀ ಛಾವಣಿಯನ್ನು ಕಮಾನು ಮಾಡಲು ಹೋಗಬೇಡಿ. ಎತ್ತರ ಹೋಗುತ್ತದೆ, ಹಲಗೆ ತಿರುಗಿಸುವ ಜಾಗವೂ ಹೋಗುತ್ತದೆ. ಗೋಡೆ ಮತ್ತು ಛಾವಣಿ ಸೇರುವ ಮೂಲೆಯನ್ನು ಮಾತ್ರ ದುಂಡಾಗಿಸಿದರೆ ಸಾಕು, ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

18 ಮಿ.ಮೀ. ಪ್ಲೈವುಡ್‌ನಲ್ಲಿ 30ರಿಂದ 40 ಸೆಂ.ಮೀ. ತ್ರಿಜ್ಯದ ಕಾಲುವೃತ್ತದಂತೆ ಒಳಬಾಗಿದ ಅಂಚಿನ ತುಂಡುಗಳನ್ನು ಕೊಯ್ಯಿರಿ. ಇವು ಹಡಗಿನ ಪಕ್ಕೆಲುಬುಗಳು. ಸುಮಾರು 60 ಸೆಂ.ಮೀ.ಗೆ ಒಂದರಂತೆ ಮೂಲೆಗೆ ಕೂರಿಸಿ. ನಡುವೆ 3 ಮಿ.ಮೀ. ಪ್ಲೈವುಡ್ ಬಗ್ಗಿಸಿ ಹೊಡೆಯಿರಿ. ಬಗ್ಗದೆ ಸೀಳುವಂತೆ ಅನಿಸಿದರೆ ಹೊರಮೈಗೆ ಒದ್ದೆ ಬಟ್ಟೆ ಹಾಸಿ ಸ್ವಲ್ಪ ಹೊತ್ತು ಬಿಡಿ. ಪ್ಲೈನ ಹೊರಪದರದ ನಾರು ಬಾಗುವ ದಿಕ್ಕಿಗೆ ಅಡ್ಡವಾಗಿರಲಿ, ಆಗ ಸಲೀಸಾಗಿ ಬಗ್ಗುತ್ತದೆ.

ತಲೆ ಮೇಲೆ ಬರುವ ಪ್ರತಿ ತುಂಡೂ ಗಟ್ಟಿ ಆಧಾರಕ್ಕೇ ಸ್ಕ್ರೂ ಆಗಬೇಕು. ಅಂದರೆ ಕಾಂಕ್ರೀಟಿಗೆ, ಇಟ್ಟಿಗೆಗೆ ಅಥವಾ ಛಾವಣಿಯ ತೊಲೆಗೆ. ಬರೀ ಜಿಪ್ಸಮ್ ಹಾಳೆಗೆ ತಗುಲಿಸಿದ್ದು ಇವತ್ತಲ್ಲ ನಾಳೆ ಬೀಳುತ್ತದೆ. ಹಾಟ್ ಗ್ಲೂ ನಂಬಿ ಮೇಲೆ ಏನನ್ನೂ ಅಂಟಿಸಬೇಡಿ. ಬಿಸಿಲಿಗೆ ಕಾಯುವ ಛಾವಣಿಯ ಕೆಳಗೆ ಅದು ಮೆತ್ತಗಾಗುತ್ತದೆ.

ಹಂತ 5: ರಿವೆಟ್

ಲೋಹದ ತಗಡುಗಳನ್ನು ಜೋಡಿಸಲು ಹೊಡೆಯುವ ಗುಮ್ಮಟದ ತಲೆಯ ಮೊಳೆಗೆ ರಿವೆಟ್ ಅನ್ನುತ್ತಾರೆ. ಅದು ಇರುವುದು ಎರಡು ತಗಡು ಸೇರುವಲ್ಲಿ ಅಥವಾ ಹಿಂದೆ ಪಕ್ಕೆಲುಬು ಇರುವಲ್ಲಿ. ತಗಡಿನ ಮಧ್ಯದಲ್ಲಿ ಸುಮ್ನೆ ಚೆಲ್ಲಿದ ರಿವೆಟ್‌ಗಳೇ ಇಂಥ ಕೋಣೆಗಳಲ್ಲಿ ಕಾಣುವ ದೊಡ್ಡ ತಪ್ಪು.

ಗೋಡೆಯ ಹಲಗೆಗಳ ನಡುವಿನ ಪ್ರತಿ ಜೋಡಣೆಯ ಮೇಲೆ 8ರಿಂದ 10 ಸೆಂ.ಮೀ. ಅಗಲದ ಎಂಡಿಎಫ್ ಪಟ್ಟಿ ಹೊಡೆಯಿರಿ. ಜೋಡಣೆಯೂ ಮುಚ್ಚುತ್ತದೆ, ರಿವೆಟ್‌ಗೆ ಕಾರಣವೂ ಸಿಗುತ್ತದೆ. ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಸಾಲು. 15 ಮಿ.ಮೀ. ತಲೆಯ ರಿವೆಟ್‌ಗೆ 5 ಸೆಂ.ಮೀ. ಅಂತರ ಕಣ್ಣಿಗೆ ಸರಿಹೋಗುತ್ತದೆ. ಅಂದರೆ ಒಂದು ಮೀಟರಿನ ಒಂದು ಸಾಲಿಗೆ 20. ಪೂರ್ತಿ ಉದ್ದ ಅಳೆದು ಲೆಕ್ಕ ಹಾಕಿ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ತನ್ನಿ. ಕಣ್ಣಳತೆಯಲ್ಲಿ ಹೊಡೆಯಬೇಡಿ. ಒಂದು ಹಲಗೆ ಪಟ್ಟಿಗೆ 5 ಸೆಂ.ಮೀ.ಗೊಂದು ತೂತು ಮಾಡಿ ಅಚ್ಚಿನಂತೆ ಬಳಸಿ. ಸಾಲು ವಾಲಿದರೆ ಬಾಗಿಲಿನಿಂದಲೇ ಕಾಣುತ್ತದೆ.

ಹಂತ 6: ಪೈಪು

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ನೋಟವೂ ಉಪಯೋಗವೂ ಒಂದಾಗುವುದು ಇಲ್ಲೇ.

ಮೊದಲು ನಿಜವಾದ ಪೈಪುಗಳನ್ನು ಹಾಕಿ. ಧೂಳು ಎಳೆಯುವ ಯಂತ್ರ ಇದ್ದರೆ ಅದರ 100 ಮಿ.ಮೀ. ಪೈಪೇ ನಿಮ್ಮ ಹಡಗಿನ ಮುಖ್ಯ ಹಬೆ ಕೊಳವೆ. ಅದು ಕೋಣೆಯ ಉದ್ದಕ್ಕೆ ಹೋಗಲಿ. ತಿರುವಿನಲ್ಲಿ 90 ಡಿಗ್ರಿಯ ಒಂದು ಜೋಡಣೆ ಬದಲು 45 ಡಿಗ್ರಿಯ ಎರಡು ಹಾಕಿದರೆ ಗಾಳಿಯ ಎಳೆತ ಅಷ್ಟಾಗಿ ಕಡಿಮೆಯಾಗುವುದಿಲ್ಲ, ತಿರುವೂ ಚೆಂದ. ಪ್ರತಿ ಯಂತ್ರದ ಹತ್ತಿರ ಗಾಳಿ ತಡೆಯುವ ಜಾರುಬಾಗಿಲು ಇರುತ್ತದಲ್ವಾ? ಅದರ ಹಿಡಿಗೆ ಒಂದು ಕೆಂಪು ಚಕ್ರ ಕೂರಿಸಿ. ಆಡುವ ವಾಲ್ವ್ ಸಿಕ್ಕ ಹಾಗಾಯಿತು.

ಕಂಪ್ರೆಸರಿನ ಗಾಳಿಗೆ ಪಿವಿಸಿ ಪೈಪನ್ನು ಎಂದಿಗೂ ಬಳಸಬೇಡಿ. ಒತ್ತಡಕ್ಕೆ ಅದು ಒಡೆದರೆ ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಅಲ್ಲಿಗೆ ನಿಜವಾದ ತಾಮ್ರದ ಪೈಪನ್ನೇ ಹಾಕಿ. ಬಣ್ಣದ ಗೊಡವೆಯೂ ಇಲ್ಲ, ವರ್ಷ ಕಳೆದಂತೆ ತಾನೇ ಮಾಗುತ್ತದೆ.

ಇವಾದ ಮೇಲೆ ಉಳಿದ ಜಾಗಕ್ಕೆ ಅಲಂಕಾರದ ಪಿವಿಸಿ. 50, 32, 20 ಮಿ.ಮೀ. ಹೀಗೆ ಗಾತ್ರ ಬೇರೆ ಬೇರೆ ಇರಲಿ. ನೆನಪಿಡಿ: ಪೈಪು ಎಲ್ಲಿಂದಲೋ ಬರಬೇಕು, ಎಲ್ಲಿಗೋ ಹೋಗಬೇಕು. ಗಾಳಿಯಲ್ಲಿ ಮುಗಿಯುವ ಪೈಪು ಕಣ್ಣಿಗೆ ಚುಚ್ಚುತ್ತದೆ. ಗೋಡೆಗೆ ಸೇರುವಲ್ಲಿ 6 ಮಿ.ಮೀ. ಎಂಡಿಎಫ್‌ನ ಬಿಲ್ಲೆ ಮಾಡಿ ಸುತ್ತ ಬೋಲ್ಟ್ ತಲೆ ಅಂಟಿಸಿ. ಇದಕ್ಕೆ ಫ್ಲಾಂಜ್ ಅನ್ನುತ್ತಾರೆ. ಒಂದೊಂದು ಫ್ಲಾಂಜೂ ಪೈಪಿಗೆ ತೂಕ ಕೊಡುತ್ತದೆ. ಎಲ್‌ಇಡಿಯ 12 ವೋಲ್ಟ್ ವೈರುಗಳನ್ನು ಈ ಪೈಪುಗಳೊಳಗೇ ಎಳೆಯಿರಿ.

ಪಕ್ಕದ ಕೋಣೆಗೆ ಗೋಡೆ ತೂರಿಸುವ ಅವಕಾಶ ಇದ್ದರೆ ಒಂದು ಮಾತಿನ ಕೊಳವೆ ಖಂಡಿತ ಮಾಡಿ. 50 ಮಿ.ಮೀ. ಪೈಪಿನ ಎರಡೂ ತುದಿಗೆ ಆಲಿಕೆ ಕೂರಿಸಿದರೆ ಆಯಿತು. ಹಳೆಯ ಹಡಗುಗಳಲ್ಲಿ ಎಂಜಿನ್ ಕೋಣೆಗೆ ಇಂಥ ಕೊಳವೆಯಲ್ಲೂ ಆದೇಶ ಹೋಗುತ್ತಿತ್ತು. ವಿದ್ಯುತ್ತಿಲ್ಲದೆ ಸ್ಪಷ್ಟವಾಗಿ ಕೇಳಿಸುತ್ತದೆ. ಧೂಳು ಹೋಗದಂತೆ ಒಂದು ಮುಚ್ಚಳ ಇರಲಿ. ಇಡೀ ಕೋಣೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು.

ನಿಮ್ಮ ಕೋಣೆಯಲ್ಲಿ ನಿಜವಾದ ಗ್ಯಾಸ್ ಅಥವಾ ನೀರಿನ ಪೈಪು ಇದ್ದರೆ ಅದರ ಬಣ್ಣ ಬದಲಿಸಬೇಡಿ. ಸುಳ್ಳು ಪೈಪುಗಳ ನಡುವೆ ನಿಜವಾದದ್ದು ಯಾವುದು ಅಂತ ಅಪರಿಚಿತರಿಗೂ ಒಂದೇ ನೋಟಕ್ಕೆ ತಿಳಿಯಬೇಕು.

ಹಂತ 7: ಬಣ್ಣ

ಎಲ್ಲಕ್ಕೂ ಚಿನ್ನದ ಬಣ್ಣ ಬಳಿದರೆ ಆಟಿಕೆಯಂತೆ ಕಾಣುತ್ತದೆ. ಕೋಣೆಯ ಬಹುಪಾಲು ಕಪ್ಪು ಕಬ್ಬಿಣ ಅಥವಾ ಕಡು ಹಸಿರು ಇರಲಿ, ಪೈಪುಗಳು ತಾಮ್ರ, ಹಿತ್ತಾಳೆ ತೀರಾ ಕಡಿಮೆ. ಮೀಟರಿನ ಬಳೆ, ಕಿಟಕಿಯ ಬಳೆ, ಹಿಡಿ ಇಷ್ಟಕ್ಕೆ ಮಾತ್ರ. ಛಾವಣಿಗೆ ಕೆನೆ ಬಿಳಿ ಬಳಿಯಿರಿ. ಹಳೆಯ ಸಬ್‌ಮರೀನ್‌ಗಳ ಒಳಮೈಗೂ ಬಿಳಿ ಅಥವಾ ಕೆನೆ ಬಣ್ಣ ಸಾಮಾನ್ಯವಾಗಿತ್ತು. ನಿಮಗೂ ಬೆಳಕು ಉಳಿಯುತ್ತದೆ.

ಪಿವಿಸಿ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ. 220 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಹೊಳಪು ಹೋಗುವಷ್ಟು ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಪ್ಲಾಸ್ಟಿಕ್ ಪ್ರೈಮರ್. ಎಂಡಿಎಫ್‌ನ ಕೊಯ್ದ ಅಂಚು ಬಣ್ಣವನ್ನು ಹೀರಿಬಿಡುತ್ತದೆ. ಮರದ ಅಂಟಿಗೆ ಅಷ್ಟೇ ನೀರು ಬೆರೆಸಿ ಅಂಚಿಗೆ ಬಳಿದು, ಒಣಗಿದ ಮೇಲೆ ಉಜ್ಜಿ. ಇದನ್ನು ಬಿಟ್ಟರೆ ಎಷ್ಟೇ ಒಳ್ಳೆ ಬಣ್ಣ ಹಾಕಿದರೂ ಅದು ಮರ ಅಂತ ಗೊತ್ತಾಗುತ್ತದೆ.

ಇನ್ನು ಲೋಹದ ನೋಟ. ಪ್ರೈಮರ್ ಮೇಲೆ ಕಪ್ಪು ಅಥವಾ ಕಡು ಕಂದು, ಅದರ ಮೇಲೆ ಲೋಹದ ಬಣ್ಣದ ತೆಳು ಪದರ. ಪೂರ್ತಿ ಒಣಗಿದ ಮೇಲೆ ಕಂದು ಅಕ್ರಿಲಿಕ್ಕನ್ನು ತುಂಬಾ ನೀರಾಗಿ ಕಲಸಿ ಬಳಿಯಿರಿ, ಕೂಡಲೇ ಬಟ್ಟೆಯಿಂದ ಒರೆಸಿ. ರಿವೆಟ್‌ನ ಬುಡದಲ್ಲಿ, ಜೋಡಣೆಯ ಸಂದಿಯಲ್ಲಿ ಮಾತ್ರ ಕೊಳೆ ಉಳಿಯುತ್ತದೆ. ಕೊನೆಗೆ ಒಣ ಬ್ರಷ್: ಬ್ರಷ್ಷಿನ ತುದಿಗೆ ಹೊಳೆಯುವ ಬಣ್ಣ ತಾಗಿಸಿ, ಕಾಗದಕ್ಕೆ ಬಹುಪಾಲು ಒರೆಸಿ, ಉಳಿದದ್ದನ್ನು ಉಬ್ಬಿದ ಅಂಚುಗಳಿಗೆ ಸವರಿ. ಕೈ ತಾಗಿ ಸವೆದ ಲೋಹದ ಹೊಳಪು ಬರುತ್ತದೆ. ಚಕ್ರಗಳ ಹಿಡಿಗೆ ಇದನ್ನು ಸ್ವಲ್ಪ ಜಾಸ್ತಿಯೇ ಮಾಡಿ.

ಹಳತಾಗುವ ಬಣ್ಣ ಲೋಹಕ್ಕೆ ತಕ್ಕಂತೆ ಇರಲಿ. ಕಬ್ಬಿಣ ಕೆಂಪು ಕಂದಾಗಿ ತುಕ್ಕು ಹಿಡಿಯುತ್ತದೆ. ತಾಮ್ರ ಮೊದಲು ಕಂದಾಗಿ, ಉಪ್ಪು ನೀರು ತಾಗಿದಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಹಿತ್ತಾಳೆ ಮಂಕಾಗಿ ಕಂದಾಗುತ್ತದೆ. ಕಬ್ಬಿಣದ ಗೋಡೆಗೆ ಹಸಿರು ಕಿಲುಬು ಬಳಿದರೆ ತಿಳಿದವರು ತಕ್ಷಣ ಗುರುತಿಸುತ್ತಾರೆ. ಕಲೆ ಮೇಲಿಂದ ಕೆಳಗೆ ಇಳಿಯಬೇಕು, ನೀರು ಹರಿಯುವುದು ಹಾಗೇ ಅಲ್ವಾ?

ನಿಜವಾದ ತಾಮ್ರಕ್ಕೆ ಅಮೋನಿಯಾ ಬಳಸಿ ಕಿಲುಬು ಬರಿಸುವ ವಿಧಾನವೂ ಇದೆ. ಮಾಡುವುದಾದರೆ ಹೊರಗೆ, ಗಾಳಿಯಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಮಾಡಿ. ಅಮೋನಿಯಾ ಮತ್ತು ಬ್ಲೀಚ್ ಎಂದಿಗೂ ಸೇರಬಾರದು, ವಿಷದ ಅನಿಲ ಬರುತ್ತದೆ.

ಹಂತ 8: ದುಂಡು ಕಿಟಕಿ

ನೀರಿನ ಒತ್ತಡ ತಡೆಯಬೇಕಾದ ಕಿಟಕಿ ಚಿಕ್ಕದಿರುತ್ತದೆ, ಅದರ ಚೌಕಟ್ಟು ದಪ್ಪ. ಆದ್ದರಿಂದ ಗಾಜಿನ ಅಗಲ 25ರಿಂದ 30 ಸೆಂ.ಮೀ. ಸಾಕು, ಸುತ್ತಲಿನ ಬಳೆ 5 ಸೆಂ.ಮೀ. ಇರಲಿ. 18 ಮಿ.ಮೀ. ಎಂಡಿಎಫ್‌ನಲ್ಲಿ ಬಳೆ ಕೊಯ್ದು 12 ಬೋಲ್ಟ್ ತಲೆಗಳನ್ನು 30 ಡಿಗ್ರಿಗೊಂದರಂತೆ ಕೂರಿಸಿ.

ಹಿಂದೆ ಸುಮಾರು 7 ಸೆಂ.ಮೀ. ಆಳದ ಡಬ್ಬ ಮಾಡಿ, ಒಳಗೆ ಬಿಳಿ ಬಳಿಯಿರಿ. ಎಲ್‌ಇಡಿ ಪಟ್ಟಿಯನ್ನು ಡಬ್ಬದ ಒಳಗೋಡೆಗೆ ಸುತ್ತ ಅಂಟಿಸಿ, ಹಿಂಬದಿಗೆ ಬೇಡ. ಹಿಂಬದಿಗೆ ಹಾಕಿದರೆ ಒಂದೊಂದು ದೀಪವೂ ಚುಕ್ಕೆಯಾಗಿ ಕಾಣುತ್ತದೆ. ಮುಂದೆ ಹಾಲುಬಣ್ಣದ ಅಕ್ರಿಲಿಕ್, ಅದರ ಮೇಲೆ ಬೆಳಕು ಹಾಯುವ ಹಾಳೆಯಲ್ಲಿ ಮುದ್ರಿಸಿದ ಸಮುದ್ರದ ಚಿತ್ರ, ಕೊನೆಗೆ ಸ್ವಚ್ಛ ಅಕ್ರಿಲಿಕ್. ಚಿತ್ರ ಆರಿಸುವಾಗ ಕೆಂಪು, ಕಿತ್ತಳೆ ಮೀನುಗಳನ್ನು ಬಿಡಿ. ನೀರು ಮೊದಲು ಹೀರುವುದು ಕೆಂಪು ಬಣ್ಣವನ್ನೇ. ಹತ್ತು ಮೀಟರ್ ಕೆಳಗೆ ಹೆಚ್ಚು ಕಡಿಮೆ ಎಲ್ಲವೂ ನೀಲಿ ಹಸಿರು. ಮೇಲ್ಭಾಗ ತಿಳಿ, ಕೆಳಭಾಗ ಕಡು ಇರುವ ಸಾದಾ ಚಿತ್ರವೇ ಹೆಚ್ಚು ಆಳ ಕೊಡುತ್ತದೆ.

ನಿಜವಾದ ಕಿಟಕಿಯನ್ನು ಮುಚ್ಚಬೇಡಿ. ಬಣ್ಣದ ವಾಸನೆ, ಧೂಳು ಹೊರಹೋಗಲು ಅದು ಬೇಕು.

ಹಂತ 9: ಮೀಟರು ಮತ್ತು ಚಕ್ರ

ದುಂಡು ಒತ್ತಡ ಮೀಟರಿನ ಪೇಟೆಂಟ್ ಫ್ರಾನ್ಸಿನ ಯೂಜೀನ್ ಬೂರ್ಡನ್‌ಗೆ ಸಿಕ್ಕಿದ್ದು 1849ರಲ್ಲಿ. ಒಳಗೆ ಬಾಗಿದ ಕೊಳವೆ ಇರುತ್ತದೆ. ಒತ್ತಡ ಬಂದರೆ ಅದು ನೇರವಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಮುಳ್ಳಿನ ಓಟ ಸಾಮಾನ್ಯವಾಗಿ 270 ಡಿಗ್ರಿ, ಕೆಳಗೆ ಖಾಲಿ. ಡಯಲ್ ಮುದ್ರಿಸುವಾಗ ಇದನ್ನು ಪಾಲಿಸಿ. ಆಳದ ಮೀಟರ್ ಮಾಡುವುದಾದರೆ ಎರಡು ಸಾಲು ಅಂಕಿ ಹಾಕಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ವಾತಾವರಣದಷ್ಟು ಒತ್ತಡ ಏರುತ್ತದೆ. ಆದ್ದರಿಂದ 100 ಮೀಟರಿನ ಗುರುತಿನ ಪಕ್ಕ 10 ಬರಬೇಕು. ಹಾಳೆ ತಿಳಿ ಹಳದಿ ಇರಲಿ.

ಸುಳ್ಳು ಮೀಟರಿಗಿಂತ ನಿಜವಾದದ್ದು ಯಾವಾಗಲೂ ಮೇಲು. ಗಡಿಯಾರ, ತಾಪಮಾಪಕ, ಕಂಪ್ರೆಸರಿನ ಮೀಟರ್ ಹಿತ್ತಾಳೆ ಬಳೆಯೊಳಗೆ ಕೂರಲಿ. ಮರಗೆಲಸದವರಿಗೆ ತೇವಾಂಶದ ಮೀಟರ್ ನಿಜಕ್ಕೂ ಬೇಕು. ಧೂಳು ಯಂತ್ರದ ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮೀಟರ್ ಹಾಕಿದರೆ ಇನ್ನೂ ಒಳ್ಳೆಯದು. ಮುಳ್ಳು ಏರಿದರೆ ಫಿಲ್ಟರ್ ಕಟ್ಟಿದೆ ಅಂತ ಅರ್ಥ.

ಹಳೆಯ ಹಡಗಿನ ಸಾಮಾನು ಕೊಳ್ಳುವವರಿಗೆ ಮೂರು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವಂತೆ ಮಾಡಿದ ಹಳೆಯ ಡಯಲ್‌ಗಳಲ್ಲಿ ರೇಡಿಯಂ ಇರಬಹುದು. ಈಗ ಹೊಳೆಯದಿದ್ದರೂ ವಿಕಿರಣ ಹಾಗೇ ಇರುತ್ತದೆ, ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥದ್ದನ್ನು ಬಿಚ್ಚಬೇಡಿ, ಉಜ್ಜಬೇಡಿ, ಕೊಳ್ಳದಿರುವುದೇ ಕ್ಷೇಮ. ಪೈಪಿಗೆ ಸುತ್ತಿದ ಬಿಳಿ ನಾರು ಮತ್ತು ಹಳೆಯ ವಾಷರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಕೆರೆದು ಪುಡಿ ಎಬ್ಬಿಸಬೇಡಿ.

ತೆರೆದ ತಾಮ್ರದ ಬ್ಲೇಡಿನ ಹಳೆಯ ಕಾಲದ ಸ್ವಿಚ್ ಎಲ್ಲರಿಗೂ ಇಷ್ಟ. ಅದು 12 ವೋಲ್ಟ್ ದೀಪಕ್ಕೆ ಮಾತ್ರ. ಯಂತ್ರಗಳ ತುರ್ತು ಸ್ವಿಚ್ ಹಳದಿ ಮೇಲೆ ಕೆಂಪಾಗಿಯೇ ಇರಬೇಕು.

ಹಂತ 10: ಬಾಗಿಲು ಮತ್ತು ನೆಲ

ಇರುವ ಬಾಗಿಲಿಗೇ 6 ಮಿ.ಮೀ. ಹಲಗೆ ಹೊಡೆದು, ಮೂಲೆ ದುಂಡಾಗಿಸಿದ ಚೌಕಟ್ಟು ಬರೆದು, ಸುತ್ತ ರಿವೆಟ್ ಹಾಕಿ. ಮಧ್ಯದ ಚಕ್ರ ತಿರುಗಲಿ, ಆದರೆ ಬಾಗಿಲಿನ ಚಿಲಕಕ್ಕೆ ಅದರ ಸಂಬಂಧ ಬೇಡ. ಅವಸರದಲ್ಲಿ ಒಂದೇ ತಳ್ಳಿಗೆ ಬಾಗಿಲು ತೆರೆಯಬೇಕು. ಹಲಗೆಯ ತೂಕಕ್ಕೆ ಇನ್ನೊಂದು ಕೀಲು ಸೇರಿಸಿ. ನಿಜವಾದ ಸಬ್‌ಮರೀನಿನ ಎತ್ತರದ ಹೊಸ್ತಿಲನ್ನು ನಕಲು ಮಾಡಬೇಡಿ. ಕೈತುಂಬ ಸಾಮಾನು ಹಿಡಿದವರು ಎಡವುತ್ತಾರೆ.

ನೆಲಕ್ಕೆ ಗೆರೆ ಉಬ್ಬಿದ ಲೋಹದ ತಗಡು ಬೇಡ. ಮರದ ಪುಡಿ ಬಿದ್ದರೆ ಜಾರುತ್ತದೆ. ಅದೇ ವಿನ್ಯಾಸದ ರಬ್ಬರ್ ಹಾಸು ಸಿಗುತ್ತದೆ, ಕಾಲಿಗೂ ಹಿತ.

ಎಲ್ಲಾ ಮುಗಿದ ಮೇಲೆ ಯಂತ್ರಗಳನ್ನು ಒಂದೊಂದಾಗಿ ಓಡಿಸಿ, ಮೇಲಿನ ಪ್ರತಿ ತುಂಡನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ಅದುರಿಕೆಗೆ ಸ್ಕ್ರೂ ಸಡಿಲವಾಗುವುದು ಸಹಜ. ಒಂದು ತಿಂಗಳ ನಂತರ ಮತ್ತೆ ಬಿಗಿ ಮಾಡಿ, ಆಮೇಲೆ ಧೂಳು ತೆಗೆಯುವ ದಿನವೇ ಅದನ್ನೂ ನೋಡಿಕೊಂಡರೆ ಸಾಕು. ರಿವೆಟ್ ಸಾಲುಗಳ ಧೂಳಿಗೆ ಮೆತ್ತನೆ ಬ್ರಷ್ ಸಿಕ್ಕಿಸಿದ ವ್ಯಾಕ್ಯೂಮ್ ಬಳಸಿ. ಗಾಳಿ ಊದಿದರೆ ಅದೇ ಧೂಳು ಮತ್ತೆ ಪೈಪಿನ ಮೇಲೆ ಬಂದು ಕೂರುತ್ತದೆ.